ಇನ್ನೂರ ಹನ್ನೊಂದು ಗಿಲ್‌ಹಾರ್ನಿಗಳು

ಸ್ವೀಡನ್ನಿನ ಸ್ಯಾಂಡ್‌ವಿಕೆನ್ ಊರಿನ ಒಂದು ಮೂರಂತಸ್ತಿನ ಕಟ್ಟಡದಲ್ಲಿ, ಎರಡನೆಯ ಮಹಡಿಯ ಎಡಗಡೆಯ ಬಾಗಿಲಿನಲ್ಲಿ, ಟಪಾಲು ತೂರಿಸುವ ಕಂಡಿಯ ಮೇಲೆ ಉಕ್ಕಿನ ಒಂದು ಪುಟ್ಟ ಫಲಕವಿದೆ. ಅದರಲ್ಲಿ ಗಿಲ್‌ಹಾರ್ನಿ ಎಂದು ಕೊರೆದಿದೆ. ಅಕ್ಕಪಕ್ಕದ ಬಾಗಿಲುಗಳಲ್ಲಿ ಪ್ಲಾಸ್ಟಿಕ್ ಅಕ್ಷರದ ಹೆಸರುಗಳು: ಒಬ್ಬ ಆಂಡರ್ಸನ್, ಒಬ್ಬ ನಿಲ್ಸನ್, ಎದುರಿಗೆ ಮತ್ತೊಬ್ಬ ಆಂಡರ್ಸನ್. ಗಂಟೆ ಒತ್ತಿದರೆ ಬಾಗಿಲು ತೆರೆಯುವವಳು ಭದ್ರಾವತಿಯ ಶಕುಂತಲಾ. ವಯಸ್ಸು ಅರವತ್ತೈದು, ಎತ್ತರ ಐದಡಿಗೆ ಒಂದಿಂಚು ಕಡಿಮೆ, ಸ್ವೆಟರಿನ ಮೇಲೆ ಸೀರೆಯ ಸೆರಗು. ಪಾರ್ಸೆಲ್ ತರುವ ಹೊಸ ಹುಡುಗರು ಅವಳ ಮುಖ ನೋಡಿ, ಫಲಕ ನೋಡಿ, ಮತ್ತೆ ಮುಖ ನೋಡುತ್ತಾರೆ. ‘ಹೌದು, ನಾನೇ’ ಎಂದು ಅವಳು ಸ್ವೀಡಿಷ್ ಭಾಷೆಯಲ್ಲಿ ಹೇಳುವ ಧಾಟಿಗೆ ಯಾರೂ ಎದುರು ಪ್ರಶ್ನೆ ಕೇಳುವುದಿಲ್ಲ.

ಅವಳ ಸ್ವಭಾವವೇ ಹಾಗೆ. ತೊಂಬತ್ತೆರಡರಲ್ಲಿ ಮೊದಲ ಗಂಡನ ಜೊತೆ, ಎರಡು ವರ್ಷದ ಮಗಳು ಚಿನ್ಮಯಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಈ ಊರಿಗೆ ಬಂದಿದ್ದಳು. ಗಂಡನಿಗೆ ಇಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಎರಡು ವರ್ಷದ ಕರಾರು. ಕರಾರು ಮುಗಿದಾಗ ಅವನು ಹೊರಡು ಎಂದ, ಇವಳು ಹೊರಡಲಿಲ್ಲ. ಆ ಎರಡು ವರ್ಷ ಆ ಮನುಷ್ಯ ಮನೆಯೊಳಗೆ ಹೇಗೆ ನಡೆದುಕೊಂಡಿದ್ದ ಎಂಬುದನ್ನು ಅವಳು ಯಾರಿಗೂ ವಿವರಿಸಿದವಳಲ್ಲ, ನಾನೂ ವಿವರಿಸುವುದಿಲ್ಲ. ಮಗುವನ್ನು ದಾಗಿಸ್‌ಗೆ, ಅಂದರೆ ಶಿಶುವಿಹಾರಕ್ಕೆ ಬಿಟ್ಟು, ದೊಡ್ಡವರ ಶಾಲೆಯಲ್ಲಿ ಭಾಷೆ ಕಲಿತು, ಅದೇ ಕಾರ್ಖಾನೆಯ ಪರೀಕ್ಷಾಲಯದಲ್ಲಿ ಕೆಲಸ ಗಿಟ್ಟಿಸಿಕೊಂಡಳು. ಭದ್ರಾವತಿಯಲ್ಲಿ ಅಪ್ಪ ಕುಲುಮೆಯ ಮುಂದೆ ಆಯಸ್ಸು ಕಳೆದವರು. ಉಕ್ಕಿನ ವಾಸನೆ ತನಗೆ ತವರಿನ ವಾಸನೆ ಎಂದು ಹೇಳಿಕೊಳ್ಳುವಳು.

ಪರೀಕ್ಷಾಲಯದಲ್ಲಿ ಅವಳ ಕೆಲಸ ಉಕ್ಕಿನ ಗಡಸುತನ ಅಳೆಯುವುದು. ವಜ್ರದ ಮೊನೆಯನ್ನು ಉಕ್ಕಿನ ಮೇಲೆ ಒತ್ತಬೇಕು, ಬಿದ್ದ ಕುಳಿಯನ್ನು ಸೂಕ್ಷ್ಮದರ್ಶಕದಲ್ಲಿ ಅಳೆಯಬೇಕು, ಬಂದ ಅಂಕಿಯನ್ನು ಪುಸ್ತಕದಲ್ಲಿ ಬರೆಯಬೇಕು. ಕೆಲಸ ಕಲಿಸಿದವಳು ಗುನ್ನೆಲ್ ಎಂಬ ಗಂಟುಮುಖದ ಹಿರಿಯಳು. ಮೊದಲ ವಾರ ಶಕುಂತಲಾ ತಪ್ಪಾಗಿ ಬರೆದ ಒಂದು ಅಂಕಿಯ ಮೇಲೆ ಬಿಳಿ ಬಣ್ಣ ಬಳಿದು ಹೊಸ ಅಂಕಿ ಬರೆದಿದ್ದಳು. ಗುನ್ನೆಲ್ ಆ ಬಾಟಲಿಯನ್ನು ಎತ್ತಿ ಕಸದ ಬುಟ್ಟಿಗೆ ಹಾಕಿದಳು. ಇಲ್ಲಿ ಯಾವುದನ್ನೂ ಅಳಿಸುವುದಿಲ್ಲ ಎಂದು ತಿಳಿಸಿದಳು. ತಪ್ಪು ಅಂಕಿಯ ಮೇಲೆ ಒಂದೇ ಒಂದು ಗೆರೆ, ಕೆಳಗಿನ ಅಂಕಿ ಓದಲು ಬರುವಂತೆ. ಪಕ್ಕದಲ್ಲಿ ಸರಿಯಾದ ಅಂಕಿ. ಆಮೇಲೆ ಕಾರಣ, ತಾರೀಖು, ಸಹಿ. ಅಂಕಿ ಇಷ್ಟವಾಗಲಿಲ್ಲ ಎಂದು ಅದನ್ನು ಬಿಟ್ಟುಬಿಡಲು ಯಾರಿಗೂ ಅಧಿಕಾರವಿಲ್ಲ. ಬಿಡುವುದಾದರೆ ಯಾಕೆ ಬಿಟ್ಟೆ ಎಂದು ಬರೆದು ಹೆಸರು ಹಾಕಬೇಕು.

ಈ ಮಾತು ಶಕುಂತಲಾಳ ಮೈಗೆ ಹತ್ತಿಬಿಟ್ಟಿತು. ಮನೆಯ ಕ್ಯಾಲೆಂಡರಿನಲ್ಲಿ ಹಲ್ಲಿನ ಡಾಕ್ಟರ ಭೇಟಿ ಬದಲಾದರೂ ಒಂದು ಗೆರೆ, ಕಾರಣ, ತಾರೀಖು, ಸಹಿ. ಚಿನ್ಮಯಿ ದೊಡ್ಡವಳಾದ ಮೇಲೆ ಇದನ್ನು ಹೇಳಿಕೊಂಡು ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿದ್ದಳು.

ಏಮನ್ ಗಿಲ್‌ಹಾರ್ನಿ ಪರಿಚಯವಾದದ್ದೂ ಆ ಪರೀಕ್ಷಾಲಯದಲ್ಲೇ. ಬಂಡೆ ಕೊರೆಯುವ ಮೊನೆಗಳ ಮೆಕ್ಯಾನಿಕ್ ಆಗಿ ಐರ್ಲೆಂಡಿನಿಂದ ಬಂದವನು, ಕೆಂಪು ಮೂಗಿನ ನಿಧಾನಸ್ಥ. ಮುರಿದ ಮೊನೆಯೊಂದನ್ನು ತಂದು ಇದು ಯಾಕೆ ಮುರಿಯಿತು ಹೇಳಿ ಎಂದ. ಮೊನೆಯದೇನೂ ತಪ್ಪಿಲ್ಲ, ಕೊರೆದವನ ತಪ್ಪು ಎಂದಳು. ಕೊರೆದವನು ಅವನೇ. ಮಾರನೆಯ ವಾರ ಇನ್ನೊಂದು ಮೊನೆ ತಂದ, ಆಮೇಲೆ ಬರೀ ಕೈಯಲ್ಲೇ ಬಂದ.

ಅವನಿಗೆ ಒಂದು ಹುಚ್ಚಿತ್ತು. ಭೂಮಿಯ ಮೇಲೆ ಗಿಲ್‌ಹಾರ್ನಿ ಎಂಬ ಅಡ್ಡಹೆಸರಿನವರು ಎಷ್ಟು ಜನ ಇದ್ದಾರೆ ಎಂದು ಎಣಿಸುವ ಹುಚ್ಚು. ಐರ್ಲೆಂಡಿನ ಲೀಟ್ರಿಮ್ ಕಡೆಯ ಒಂದು ಸರೋವರದ ದಂಡೆಯಲ್ಲಿ ಹುಟ್ಟಿದ ಹೆಸರಂತೆ. ಮೊದಲರ್ಧಕ್ಕೆ ಅವರ ಹಳೆಯ ಭಾಷೆಯಲ್ಲಿ ಸೇವಕ ಎಂದು ಅರ್ಥ. ಯಾವುದೋ ಮರೆತುಹೋದ ಸಂತನ ಗಂಟೆಯನ್ನು ಕಾಯುತ್ತಿದ್ದವನ ಮಗ ಎಂಬಲ್ಲಿಂದ ಮನೆತನದ ಹೆಸರು ಬಂದಿತ್ತು. ಹಾಗಾದರೆ ನಮ್ಮೂರಿನ ದಾಸಪ್ಪನ ಮನೆತನ ಅನ್ನು ಎಂದು ಶಕುಂತಲಾ ನಕ್ಕಿದ್ದಳು, ಆ ದಿನದಿಂದ ಹೆಸರು ಅವಳಿಗೆ ಪರಕೀಯವಾಗಿ ಉಳಿಯಲಿಲ್ಲ. ಸಾವಿರದ ಎಂಟುನೂರ ಐವತ್ತರ ಸುಮಾರಿನ ಕಂದಾಯದ ಪಟ್ಟಿಯಲ್ಲಿ ಮೂವತ್ತೊಂದು ಮನೆಗಳು. ಸಾವಿರದ ಒಂಬೈನೂರ ಒಂದರ ಜನಗಣತಿಯಲ್ಲಿ ತೊಂಬತ್ತನಾಲ್ಕು ತಲೆ, ಹನ್ನೊಂದರಲ್ಲಿ ಎಂಬತ್ತೆಂಟು. ಉಳಿದವರು ಆಲೂಗಡ್ಡೆ ಕೊಳೆತ ವರ್ಷಗಳಲ್ಲಿ ಹಡಗು ಹತ್ತಿದ್ದರು, ಇಲ್ಲವೇ ಮಣ್ಣಿಗೆ ಹೋಗಿದ್ದರು. ಅಷ್ಟು ವಿರಳವಾದ ಹೆಸರು ಅದು.

ಸಂಜೆಗಳಲ್ಲಿ ಇಬ್ಬರೂ ಅಡುಗೆಮನೆಯ ಮೇಜಿಗೆ ಕೂರುವರು. ಅವನು ಹಳೆಯ ಟೆಲಿಫೋನ್ ಡೈರೆಕ್ಟರಿ, ಚರ್ಚಿನ ದಾಖಲೆ, ಹಡಗಿನ ಪಟ್ಟಿಗಳ ನಕಲು ತರಿಸಿ ಓದುವನು. ಅವಳು ಒಂದೊಂದು ಊರಿಗೆ ಒಂದೊಂದು ಕಾರ್ಡ್ ಬರೆಯುವಳು. ಕಾರ್ಡಿನ ತುಂಬ ಇಸವಿ, ಫೋನ್ ನಂಬರು, ಪುಟಸಂಖ್ಯೆ. ಇಷ್ಟೆಲ್ಲ ಅಂಕಿಗಳ ನಡುವೆ ತಲೆ ಎಣಿಕೆ ಯಾವುದು ಎಂದು ಹುಡುಕುವುದೇ ಕಷ್ಟವಾಯಿತು. ಅದಕ್ಕೆ ಅವಳು ಒಂದು ಉಪಾಯ ಮಾಡಿದಳು: ಬಲಗಡೆಯ ಮೂಲೆಯಲ್ಲಿ, ಕೆಂಪು ಶಾಯಿಯಲ್ಲಿ, ಕನ್ನಡದ ಅಂಕಿ. ಏಮನ್ ಹತ್ತು ಅಂಕಿಗಳನ್ನೂ ಓದಲು ಕಲಿತ. ಬರೆಯುವ ಗೋಜಿಗೆ ಹೋಗಲಿಲ್ಲ. ಹೀಗೆ ಸಾವಿರದ ಇನ್ನೂರು ಕಾರ್ಡು, ನಾಲ್ಕು ಮರದ ಪೆಟ್ಟಿಗೆ, ಇಪ್ಪತ್ತಾರು ವರ್ಷ. ಕೊನೆಯ ಲೆಕ್ಕದಲ್ಲಿ ಐರ್ಲೆಂಡ್ ಅರವತ್ತೊಂದು, ಇಂಗ್ಲೆಂಡ್ ನಲವತ್ತೆಂಟು, ಸ್ಕಾಟ್‌ಲೆಂಡ್ ಒಂಬತ್ತು, ಅಮೆರಿಕ ಎಪ್ಪತ್ತು, ಕೆನಡಾ ಹದಿನಾಲ್ಕು, ಆಸ್ಟ್ರೇಲಿಯಾ ಏಳು, ಸ್ವೀಡನ್ ಮೂರು. ಒಟ್ಟು ಇನ್ನೂರ ಹನ್ನೆರಡು.

ಸ್ವೀಡನ್ನಿನ ಆ ಮೂವರು ಏಮನ್, ಶಕುಂತಲಾ, ಚಿನ್ಮಯಿ. ತೊಂಬತ್ತೆಂಟರ ಜೂನ್ ಹದಿಮೂರರಂದು ಮದುವೆಯಾದಾಗ ಶಕುಂತಲಾ ಅವನ ಹೆಸರು ತೆಗೆದುಕೊಂಡಳು. ಎಂಟು ವರ್ಷದ ಚಿನ್ಮಯಿ ತನಗೂ ಅದೇ ಬೇಕೆಂದಳು. ಅದಕ್ಕೆ ಹೆತ್ತ ತಂದೆಯ ಒಪ್ಪಿಗೆ ಬೇಕಿತ್ತು. ಮದುವೆಗೆ ಎರಡು ತಿಂಗಳು ಮುಂಚೆಯೇ ಅರ್ಜಿ ಭಾರತಕ್ಕೆ ಹೋಗಿತ್ತು. ಜಗಳಕ್ಕೆ ಶಕುಂತಲಾ ಟೊಂಕ ಕಟ್ಟಿ ನಿಂತಿದ್ದಳು. ಅವನು ಒಂದು ಸಾಲಿನ ಪತ್ರವೂ ಇಲ್ಲದೆ, ಹೋದ ವೇಗದಲ್ಲೇ ಸಹಿ ಹಾಕಿ ವಾಪಸು ಕಳಿಸಿದ್ದ. ಆ ಲಕೋಟೆ ತೆರೆದ ದಿನ ಮಗು ಏನೂ ಕೇಳಲಿಲ್ಲ. ಏಮನ್ ಅವಳನ್ನು ಕಾರ್ಖಾನೆಗೆ ಕರೆದುಕೊಂಡು ಹೋಗಿ, ಅವಳ ಕಣ್ಣೆದುರಿಗೇ ಆ ಉಕ್ಕಿನ ಫಲಕ ಕೊರೆಸಿದ.

ಇಪ್ಪತ್ತೆರಡರ ನವೆಂಬರಿನಲ್ಲಿ ಏಮನ್ ತೀರಿಕೊಂಡ. ಎದೆನೋವು, ಆಂಬುಲೆನ್ಸ್, ಎರಡು ದಿನ, ಅಷ್ಟೇ. ಮುಂದೆ ಒಂದು ದಿನ ಶಕುಂತಲಾ ದೇಶದ ಅಂಕಿಅಂಶ ಇಲಾಖೆಯ ಪುಟ ತೆರೆದು, ಹೆಸರಿನ ಜಾಗದಲ್ಲಿ ಗಿಲ್‌ಹಾರ್ನಿ ಎಂದು ಹಾಕಿ ನೋಡಿದಳು. ಸ್ವೀಡನ್ನಿನಲ್ಲಿ ಯಾವ ಹೆಸರಿನವರು ಎಷ್ಟು ಜನ ಎಂದು ಯಾರು ಬೇಕಾದರೂ ಅಲ್ಲಿ ನೋಡಬಹುದು. ಹಿಂದಿನ ಸಲ ಮೂರು ಇದ್ದದ್ದು ಈಗ ಎರಡಾಗಿತ್ತು. ಗೆರೆ ಇಲ್ಲ, ಕಾರಣ ಇಲ್ಲ, ತಾರೀಖು ಇಲ್ಲ, ಸಹಿ ಇಲ್ಲ. ಅವಳಿಗೆ ಬಂದ ಸಿಟ್ಟಿಗೆ ಲ್ಯಾಪ್‌ಟಾಪನ್ನು ಬಡಿದು ಮುಚ್ಚಿದಳು. ಆದರೆ ತನ್ನ ಪೆಟ್ಟಿಗೆಯ ಸ್ವೀಡನ್ ಕಾರ್ಡನ್ನು ಅವಳೂ ತಿದ್ದಲಿಲ್ಲ. ತಪ್ಪು ಅಂಕಿಯನ್ನು ಒಂದು ಸಂಜೆಯೂ ಹಾಗೇ ಬಿಡದವಳು, ಆ ಒಂದು ಕಾರ್ಡನ್ನು ಎರಡೂವರೆ ವರ್ಷ ಮುಟ್ಟಲೇ ಇಲ್ಲ. ಅದರಲ್ಲಿ ಮೂರು ಎಂದೇ ಇತ್ತು, ಇರಲಿ ಎಂದುಕೊಂಡಳು.

ಇಪ್ಪತ್ತೈದರ ಫೆಬ್ರವರಿಯಲ್ಲಿ ಐರ್ಲೆಂಡಿನಿಂದ ಒಂದು ಇಮೇಲ್ ಬಂತು. ಬರೆದವರು ಫಿಂಟನ್ ಗಿಲ್‌ಹಾರ್ನಿ, ಏಮನ್‌ಗೆ ದೂರದ ದಾಯಾದಿ, ನಿವೃತ್ತ ಹೆಡ್‌ಮಾಸ್ಟರು, ಗಿಲ್‌ಹಾರ್ನಿ ಮನೆತನದ ಸಂಘಕ್ಕೆ ಅಧ್ಯಕ್ಷರು. ಸಂಘ ಒಂದು ಪುಸ್ತಕ ತರುತ್ತಿದೆ. ಹೆಸರಿನ ಮೂಲ, ಹರಡಿದ ಬಗೆ, ಇಂದಿನ ಜನಸಂಖ್ಯೆ. ಏಮನ್ ಕಾರ್ಡುಗಳು ಅದಕ್ಕೆ ಅತ್ಯಗತ್ಯ, ದಯವಿಟ್ಟು ಪೆಟ್ಟಿಗೆಗಳನ್ನು ಕಳಿಸಿಕೊಡಬೇಕು ಎಂದು ಕೇಳಿದ್ದರು. ಜೊತೆಗೆ, ಏಮನ್ ಹಿಂದೆ ಕಳಿಸಿದ್ದ ಪಟ್ಟಿಯಿಂದ ಮಾಡಿದ ಪುಸ್ತಕದ ಕರಡು ಇತ್ತು.

ಶಕುಂತಲಾ ಕನ್ನಡಕ ಹಾಕಿಕೊಂಡು ನೇರ ಕೊನೆಯ ಕೋಷ್ಟಕಕ್ಕೆ ಹೋದಳು. ಒಟ್ಟು ನೂರ ಐವತ್ತೊಂದು ಎಂದಿತ್ತು. ಏಮನ್ ಒಬ್ಬ ಹೋದರೆ ಇನ್ನೂರ ಹನ್ನೊಂದಾಗಬೇಕು; ಉಳಿದ ಅರವತ್ತು ಜನ ಎಲ್ಲಿಗೆ ಹೋದರು? ಅಡಿಟಿಪ್ಪಣಿಯಲ್ಲಿ ಉತ್ತರವಿತ್ತು: ಹುಟ್ಟಿನಿಂದ ಹೆಸರು ಪಡೆದವರನ್ನು ಮಾತ್ರ ಎಣಿಸಲಾಗಿದೆ. ಮದುವೆಯಾಗಿ ಬಂದವರು, ದತ್ತು ಬಂದವರು, ಮಲಮಕ್ಕಳು ಯಾರೂ ಲೆಕ್ಕಕ್ಕಿಲ್ಲ. ಸ್ವೀಡನ್ನಿನ ಮುಂದೆ ಸೊನ್ನೆ. ಅದರ ಪಕ್ಕದಲ್ಲಿ ಒಂದು ವಾಕ್ಯ: ಏಮನ್ ಗಿಲ್‌ಹಾರ್ನಿಯವರ ಮರಣದೊಂದಿಗೆ ಈ ದೇಶದಲ್ಲಿ ನಮ್ಮ ಹೆಸರು ಅಳಿಯಿತು.

ಅವಳು ಎದ್ದು ಹೋಗಿ ಬಾಗಿಲು ತೆರೆದು ಫಲಕ ನೋಡಿ ಬಂದಳು. ಹೆಸರು ಇದ್ದಲ್ಲೇ ಇತ್ತು.

ಚಿನ್ಮಯಿಗೆ ಫೋನ್ ಮಾಡಿದಳು. ಚಿನ್ಮಯಿ ಗೋಥೆನ್‌ಬರ್ಗಿನಲ್ಲಿ ಕಾರು ತಯಾರಿಸುವ ಕಂಪನಿಯಲ್ಲಿ ಎಂಜಿನಿಯರ್. ಟ್ರ್ಯಾಮಿನಲ್ಲಿ ನಿಂತಿದ್ದವಳು ಅಮ್ಮನ ಮಾತನ್ನೆಲ್ಲ ಕೇಳಿಸಿಕೊಂಡಳು. ಪುಸ್ತಕ ಓದುವವರು ನೂರೈವತ್ತು ಜನವೂ ಇರುವುದಿಲ್ಲ, ಯಾಕೆ ತಲೆ ಕೆಡಿಸಿಕೊಳ್ಳುತ್ತೀಯ ಎಂದಳು.

“ಬಿಟ್ಬಿಡಮ್ಮ. ನಂಗೇನ್ ಹೊಸದಾ ಇದು? ಒಂದ್ಸಲ ಅಪ್ಪ ಸೈನ್ ಮಾಡಿ ಕಳಿಸ್ಲಿಲ್ವಾ? ಐ ಆಮ್ ಯೂಸ್ಡ್ ಟು ಇಟ್.”

ಅವಳು ನಗುತ್ತಲೇ ಹೇಳಿದ್ದಳು. ಆದರೆ ಆ ಮಾತು ಶಕುಂತಲಾಳ ಎದೆಗೆ ನೇರವಾಗಿ ಇಳಿಯಿತು. ಇಪ್ಪತ್ತೇಳು ವರ್ಷದಲ್ಲಿ ಮಗಳು ಆ ಲಕೋಟೆಯ ಸುದ್ದಿ ಎತ್ತಿದ್ದು ಅದೇ ಮೊದಲು. ಒಬ್ಬ ಅಪ್ಪ ಸಹಿ ಹಾಕಿ ಕೈಬಿಟ್ಟ ಮಗುವನ್ನು, ಇನ್ನೊಬ್ಬ ಅಪ್ಪನ ಕಡೆಯವರು ಸಹಿಯೂ ಇಲ್ಲದೆ ಕೈಬಿಡುತ್ತಿದ್ದಾರೆ. ತನ್ನನ್ನು ಬಿಟ್ಟಿದ್ದರೆ ಬೈದು ಸುಮ್ಮನಾಗುತ್ತಿದ್ದಳೋ ಏನೋ. ಮಗಳಿಗೆ ಇದು ಅಭ್ಯಾಸವಾಗಿದೆ ಎಂದರೆ ಸುಮ್ಮನಿರುವುದು ಅವಳಿಂದ ಆಗುವ ಮಾತಾಗಿರಲಿಲ್ಲ.

ಅಂದೇ ಉತ್ತರ ಬರೆದಳು. ‘ಹೆಸರು ಅಳಿದುಹೋದ ದೇಶದಿಂದ ಬರೆಯುತ್ತಿದ್ದೇನೆ’ ಎಂದು ಶುರುಮಾಡಿದಳು. ಪೆಟ್ಟಿಗೆಗಳು ಈ ಮನೆ ಬಿಟ್ಟು ಹೊರಡುವುದಿಲ್ಲ. ಕಾರ್ಡಿನ ಎಣಿಕೆಯೆಲ್ಲ ಕನ್ನಡ ಅಂಕಿಯಲ್ಲಿದೆ. ಬೇಕಾದವರು ಬಂದರೆ ಓದಿ ಹೇಳುತ್ತೇನೆ. ಊಟ, ವಸತಿ ನನ್ನದು. ಇಷ್ಟು ಬರೆದು, ಕೆಳಗೆ ಶಕುಂತಲಾ ಗಿಲ್‌ಹಾರ್ನಿ ಎಂದು ಪೂರ್ತಿ ಹೆಸರು ಹಾಕಿದಳು. ಆ ಅಕ್ಷರಗಳನ್ನು ದಪ್ಪ ಮಾಡುವ ಆಸೆಯಾಗಿತ್ತು, ಅತಿಯಾಯಿತು ಎಂದು ಬಿಟ್ಟಳು.

ಏಪ್ರಿಲ್ ಎರಡನೆಯ ವಾರ ಫಿಂಟನ್ ಮೇಷ್ಟ್ರು ಬಂದರು. ಎಪ್ಪತ್ತನಾಲ್ಕರ ಉದ್ದನೆಯ ಮನುಷ್ಯ, ಇಸ್ತ್ರಿ ಮಾಡಿದ ಕರವಸ್ತ್ರ, ಕೈಯಲ್ಲಿ ಚರ್ಮದ ಚೀಲ. ಬಾಗಿಲಿನ ಫಲಕದ ಮುಂದೆ ಒಂದು ಕ್ಷಣ ನಿಂತರು. ಒಳಗೆ ಬರುತ್ತಲೇ ಬೂಟು ಬಿಚ್ಚಿದರು, ಏಮನ್ ಫೋಟೋದ ಮುಂದೆ ತಲೆ ಬಾಗಿಸಿದರು. ಶಕುಂತಲಾಗೆ ಇದು ಕಿರಿಕಿರಿಯಾಯಿತು. ಜಗಳಕ್ಕೆ ತಯಾರಾಗಿ ಕೂತವಳಿಗೆ ಎದುರಿನವನು ಸಭ್ಯನಾದರೆ ಎಷ್ಟು ತೊಂದರೆ ಎಂಬುದು ಜಗಳ ಆಡಿದವರಿಗೇ ಗೊತ್ತು.

ಎರಡು ದಿನ ಓದುವ ಕೆಲಸ ನಡೆಯಿತು. ಅವಳು ಒಂದೊಂದೇ ಕಾರ್ಡು ತೆಗೆದು ಊರು, ಇಸವಿ, ಎಣಿಕೆ ಓದುವಳು. ಮೇಷ್ಟ್ರು ಸುಂದರವಾದ ಅಕ್ಷರದಲ್ಲಿ ಬರೆದುಕೊಳ್ಳುವರು. ಹತ್ತು ಗಂಟೆಗೆ ಫೀಕಾ, ಅಂದರೆ ಕಾಫಿಯ ಜೊತೆ ದಾಲ್ಚಿನ್ನಿ ಬನ್ನು. ಮೂರು ಗಂಟೆಗೆ ಮತ್ತೆ ಫೀಕಾ, ಬನ್ನಿನ ಜೊತೆ ಅವಳು ಕರಿದ ಕೋಡುಬಳೆ. ಮೇಷ್ಟ್ರಿಗೆ ಖಾರ ನೆತ್ತಿಗೇರಿ ಕಣ್ಣಲ್ಲಿ ನೀರು ಬಂತು. ಆದರೂ ಮತ್ತೆ ಕೈಹಾಕಿದರು. ಕೆಂಪು ಅಂಕಿಗಳನ್ನು ನೋಡಿ ಇಷ್ಟು ಶಿಸ್ತಿನ ಕಾರ್ಡುಗಳನ್ನು ತಾನು ಕಂಡಿಲ್ಲ ಎಂದರು. ಅಲ್ಲಲ್ಲಿ ತಿದ್ದಿದ ಕಡೆ ಗೆರೆ, ಕಾರಣ, ತಾರೀಖು, ಸಹಿ ಇರುವುದನ್ನು ಕಂಡು ಯಾಕೆಂದು ಕೇಳಿದರು. ಅವಳು ಗುನ್ನೆಲ್ ಕಥೆ ಹೇಳಿದಳು. ಶಾಲೆಯಲ್ಲೂ ಹೀಗೇ ಕಲಿಸಬೇಕಿತ್ತು ಎಂದು ಅವರು ಮೆಚ್ಚಿಕೊಂಡರು. ಪುಸ್ತಕದ ಮೊದಲ ಪುಟದಲ್ಲಿ, ಏಮನ್‌ಗೆ ನೆರವಾದ ಪತ್ನಿಗೆ ಕೃತಜ್ಞತೆ ಎಂದು ಒಂದು ಸಾಲು ಹಾಕುವುದಾಗಿಯೂ ಹೇಳಿದರು. ಶಕುಂತಲಾ ಇನ್ನೊಂದು ಲೋಟ ಕಾಫಿ ಬಗ್ಗಿಸಿದಳು.

ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ಮೂರು ಪೆಟ್ಟಿಗೆ ಮುಗಿದು ನಾಲ್ಕನೆಯದರ ತಳ ಬಂತು. ಆಸ್ಟ್ರೇಲಿಯಾ ಏಳು ಓದಿದಳು. ಅದರ ಹಿಂದೆ ಉಳಿದದ್ದು ಒಂದೇ ಕಾರ್ಡು. ಅವಳ ಕೈ ಪೆಟ್ಟಿಗೆಯೊಳಗೆ ಹೋಗಿ ಅಲ್ಲೇ ನಿಂತಿತು.

ಅದಷ್ಟೇ ತಾನೇ ಎಂದು ಮೇಷ್ಟ್ರು ಪೆನ್ನಿನ ಮುಚ್ಚಳ ಹಾಕಲು ಹೋದರು. ಸ್ವೀಡನ್ ಬಾಕಿ ಇದೆ ಎಂದಳು ಶಕುಂತಲಾ. ಮೇಷ್ಟ್ರ ಮುಖ ಸಪ್ಪಗಾಯಿತು. ಈ ಮಾತು ಬಂದೇ ಬರುತ್ತದೆ ಎಂದು ಅವರಿಗೂ ಗೊತ್ತಿದ್ದಿರಬೇಕು. ಮೆಲ್ಲಗೆ ವಿವರಿಸತೊಡಗಿದರು. ಇದು ವೈಯಕ್ತಿಕವಲ್ಲ. ಸಂಘದ ಸಮಿತಿ ಮತ ಹಾಕಿ ಮಾಡಿದ ನಿಯಮ. ವಂಶದ ಪುಸ್ತಕ ಎಂದ ಮೇಲೆ ರಕ್ತದ ಗೆರೆ ಎಳೆಯಲೇಬೇಕು, ಇಲ್ಲದಿದ್ದರೆ ಹೆಸರು ಹಾಕಿಕೊಂಡವರೆಲ್ಲ ಒಳಗೆ ಬರುತ್ತಾರೆ. ತಮ್ಮ ಸ್ವಂತ ಹೆಂಡತಿಯನ್ನೂ ಎಣಿಸಿಲ್ಲ ಎಂದೂ ಹೇಳಿದರು.

ಅವರು ಒಪ್ಪಿದರೇ ಎಂದು ಶಕುಂತಲಾ ಕೇಳಿದಳು. ಕೇಳಲಿಲ್ಲ ಎಂದರು ಮೇಷ್ಟ್ರು, ಮೇಜಿನ ಮೇಲಿದ್ದ ಕೋಡುಬಳೆಯ ಪುಡಿಯನ್ನು ಬೆರಳಿನಿಂದ ಒಂದು ಕಡೆ ಗುಡ್ಡೆ ಮಾಡುತ್ತ.

ಶಕುಂತಲಾ ಹೇಳಬೇಕಾದದ್ದನ್ನೆಲ್ಲ ಹೇಳಿದಳು. ನಿಮ್ಮ ಮೊದಲನೆಯ ಗಿಲ್‌ಹಾರ್ನಿಗೆ ಹೆಸರು ಬಂದದ್ದು ಸಂತನ ರಕ್ತದಿಂದಲ್ಲ, ಅವನ ಗಂಟೆ ಕಾದದ್ದರಿಂದ. ಆ ಗಂಟೆ ಕಾದವನ ಮನೆಯ ಸಾವಿರದ ಇನ್ನೂರು ಕಾರ್ಡು ಬರೆದವಳು ನಾನು. ಅಮೆರಿಕದ ಎಪ್ಪತ್ತರಲ್ಲಿ ಇಪ್ಪತ್ತು ಹೆಂಗಸರನ್ನು ಪತ್ರ ಬರೆದು ಹುಡುಕಿದವಳು ನಾನು. ಅವರಲ್ಲಿ ಅರ್ಧ ಜನ ಗಂಡ ಸತ್ತ ಮೇಲೂ ಹೆಸರು ಬಿಡದೆ ಮಕ್ಕಳನ್ನು ಅದೇ ಹೆಸರಿನಲ್ಲಿ ಬೆಳೆಸಿದವರು. ನೀವು ಅವರನ್ನೆಲ್ಲ ಅಳಿಸಿ, ಅವರು ಬೆಳೆಸಿದ ಮಕ್ಕಳನ್ನು ಮಾತ್ರ ಎಣಿಸಿಕೊಂಡಿದ್ದೀರಿ. ಇದೆಲ್ಲವನ್ನೂ ಅವಳು ದನಿ ಏರಿಸದೆ, ಪರೀಕ್ಷೆಯ ವರದಿ ಓದಿದ ಹಾಗೆ ಓದಿದಳು.

ನಿಮಗೆ ಎರಡು ಎಂದು ಬರೆದರೆ ಉಳಿದ ಐವತ್ತೆಂಟು ಜನರಿಗೂ ಬರೆಯಬೇಕಾಗುತ್ತದೆ ಎಂದರು ಮೇಷ್ಟ್ರು.

“ಬರೆಯಿರಿ,” ಎಂದಳು ಶಕುಂತಲಾ.

ಆಮೇಲೆ ಪೆಟ್ಟಿಗೆಯಿಂದ ಆ ಕಾರ್ಡನ್ನು ತೆಗೆದು ಇಬ್ಬರ ನಡುವೆ ಇಟ್ಟಳು.

ಉಳಿದ ಕಾರ್ಡುಗಳಂತಿರಲಿಲ್ಲ ಅದು. ಮೂಲೆಯಲ್ಲಿ ಅವಳ ಕೈಯ ಕೆಂಪು ೧ ಇತ್ತು, ಅದರ ಮೇಲೆ ಒಂದು ಗೆರೆ. ಪಕ್ಕದಲ್ಲಿ ಸೊಟ್ಟಪಟ್ಟ ೩. ಬಳಪ ಹಿಡಿಯಲು ಕಲಿಯುವ ಮಗು ಬರೆದಂತಿತ್ತು. ಅದನ್ನು ಬರೆದವನು ಏಮನ್. ಮದುವೆ ಮುಗಿಸಿ ಮನೆಗೆ ಬಂದ ಸಂಜೆ, ಕೋಟು ಬಿಚ್ಚುವ ಮುಂಚೆ, ಇದೇ ಮೇಜಿಗೆ ಕೂತು, ಪತ್ರಿಕೆಯ ಅಂಚಿನಲ್ಲಿ ನಾಲ್ಕು ಸಲ ಬರೆದು ಅಭ್ಯಾಸ ಮಾಡಿ, ಐದನೆಯ ಸಲ ಕಾರ್ಡಿನ ಮೇಲೆ ಬರೆದಿದ್ದ. ಅಷ್ಟೂ ಕಾರ್ಡುಗಳಲ್ಲಿ ಅವನು ಬರೆದ ಒಂದೇ ಒಂದು ಕನ್ನಡ ಅಂಕಿ ಅದು. ಕಾರಣದ ಜಾಗದಲ್ಲಿ ಇಂಗ್ಲಿಷಿನಲ್ಲಿ ‘ಮದುವೆ’ ಎಂದು ಬರೆದು, ತಾರೀಖು ಹಾಕಿ, ತನ್ನ ಎರಡಕ್ಷರದ ಸಹಿ ಮಾಡಿದ್ದ. ಆಮೇಲೆ ಪೆನ್ನನ್ನು ಚಿನ್ಮಯಿಯ ಕೈಗೆ ಕೊಟ್ಟಿದ್ದ. ಆ ಸಹಿಯ ಕೆಳಗೆ ದೊಡ್ಡದಾಗಿ, ಕಾರ್ಡು ತೂತು ಬೀಳುವಷ್ಟು ಒತ್ತಿ ಬರೆದ ಇನ್ನೊಂದು ಸಹಿ ಇತ್ತು: ಸಿ. ಜಿ. ಹೊಸ ಹೆಸರನ್ನು ಅವಳು ಬರೆದದ್ದು ಅದೇ ಮೊದಲ ಸಲ.

ಮೇಷ್ಟ್ರು ಕಾರ್ಡನ್ನು ಕೈಗೆತ್ತಿಕೊಳ್ಳದೆ ಬಗ್ಗಿ ನೋಡಿದರು. ಈ ಅಂಕಿ ಎಷ್ಟು ಎಂದು ಕೇಳಿದರು. ಮೂರು ಎಂದಳು. ಎರಡು ದಿನದಿಂದ ನೂರಾರು ಸಲ ಆ ಅಂಕಿಯನ್ನು ಓದಿದ್ದವಳು ಈ ಒಂದನ್ನು ಓದುವಾಗ ಕಾರ್ಡಿನಿಂದ ಕಣ್ಣು ಎತ್ತಲಿಲ್ಲ.

ಈಗ ಮೂವರಿಲ್ಲವಲ್ಲ ಎಂದು ಮೇಷ್ಟ್ರು ಮೃದುವಾಗಿ ಹೇಳಿದರು.

ಅದು ನಿಜವೇ. ಸುಳ್ಳು ಅಂಕಿಯೊಂದನ್ನು ಎರಡೂವರೆ ವರ್ಷ ಸಾಕಿಕೊಂಡವಳು ತಾನು. ಇನ್ನೊಬ್ಬರ ಸುಳ್ಳು ಅಂಕಿಯ ಮೇಲೆ ಯುದ್ಧ ಹೂಡಿ ಕೂತಿದ್ದಾಳೆ. ಶಕುಂತಲಾಗೆ ನಾಚಿಕೆಯಾಯಿತು, ಅದರ ಬೆನ್ನಿಗೇ ದುಃಖ ಬಂತು. ಆ ಸೊಟ್ಟ ಅಂಕಿಯ ಮೇಲೆ ಗೆರೆ ಎಳೆದರೆ ಅವನು ಸತ್ತದ್ದು ನಿಜವಾಗುತ್ತದೆ ಎಂಬ ಹುಚ್ಚು ನಂಬಿಕೆ ತನ್ನಲ್ಲಿ ಕೂತಿತ್ತು ಎಂಬುದು ಅವಳಿಗೆ ಆಗಲೇ ಗೊತ್ತಾದದ್ದು. ಎದ್ದು ಹೋಗಿ ಸಿಂಕಿನ ಮುಂದೆ ನಿಂತು ಮುಖ ತೊಳೆದುಕೊಂಡಳು. ಕಿಟಕಿಯ ಹೊರಗೆ ಕರಗುತ್ತಿದ್ದ ಹಿಮದಲ್ಲಿ ಯಾರೋ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದರು. ಸೆರಗಿನಲ್ಲಿ ಮುಖ ಒರೆಸಿಕೊಂಡು, ಡ್ರಾಯರಿನಿಂದ ಕೆಂಪು ಪೆನ್ನು ಮತ್ತು ಉಕ್ಕಿನ ಅಡಿಕೋಲು ತಂದು ಕೂತಳು.

ಅಡಿಕೋಲನ್ನು ಇಟ್ಟು ಏಮನ್‌ನ ಮೂರರ ಮೇಲೆ ಒಂದು ಗೆರೆ ಎಳೆದಳು. ಒಂದೇ ಒಂದು, ಕೆಳಗಿನ ಅಂಕಿ ಓದಲು ಬರುವಂತೆ. ಪಕ್ಕದಲ್ಲಿ ೨ ಬರೆದಳು. ಕಾರಣ: ಏಮನ್ ತೀರಿಕೊಂಡ, ನವೆಂಬರ್ ಹದಿನಾಲ್ಕು, ಎರಡು ಸಾವಿರದ ಇಪ್ಪತ್ತೆರಡು. ಆಮೇಲೆ ಇವತ್ತಿನ ತಾರೀಖು. ಆಮೇಲೆ ಸಹಿ, ಎಸ್. ಜಿ. ಅಕ್ಷರ ಎಲ್ಲೂ ಸೊಟ್ಟಗಾಗಲಿಲ್ಲ. ಮೂವತ್ತು ವರ್ಷ ವಜ್ರದ ಮೊನೆ ಇಳಿಸಿದ ಕೈ ಅದು.

ಕಾರ್ಡನ್ನು ತಿರುಗಿಸಿ ಮೇಷ್ಟ್ರ ಕಡೆಗೆ ತಳ್ಳಿದಳು, ಅದರ ಮೇಲೆ ಪೆನ್ನು ಇಟ್ಟಳು.

“ನನ್ನ ಅಂಕಿ ಇದು. ನಿಮಗೆ ಸೊನ್ನೆ ಬೇಕಾದರೆ ಈ ಎರಡರ ಮೇಲೆ ಗೆರೆ ಎಳೆಯಿರಿ. ಕಾರಣ ಬರೆಯಿರಿ, ತಾರೀಖು ಹಾಕಿ, ಸಹಿ ಮಾಡಿ. ಕೆಳಗೆ ಜಾಗ ಇದೆ. ಅದನ್ನು ನಾನು ಮಗಳಿಗೆ ತೋರಿಸುತ್ತೇನೆ. ಅವಳನ್ನು ಯಾರು ಬಿಟ್ಟರು, ಯಾಕೆ ಬಿಟ್ಟರು ಎಂದು ಈ ಸಲ ಅವಳಿಗೆ ತಿಳಿಯಲಿ.”

ಮೇಷ್ಟ್ರು ಪೆನ್ನು ಎತ್ತಿಕೊಂಡರು. ಶಕುಂತಲಾ ಅವರ ಬೆರಳನ್ನೇ ನೋಡುತ್ತ ಕೂತಳು. ಈ ಮನುಷ್ಯ ಬರೆದರೂ ಬರೆದಾನು ಎಂದು ಅವಳಿಗೆ ನಿಜವಾಗಿಯೂ ಭಯವಾಗಿತ್ತು. ಬರೆದರೆ ತೋರಿಸುತ್ತೇನೆ ಎಂದದ್ದು ಬರೀ ಬೆದರಿಕೆಯಲ್ಲ, ತೋರಿಸಲೇಬೇಕಾಗುತ್ತಿತ್ತು. ಮೇಷ್ಟ್ರ ಕಣ್ಣು ಸಿ. ಜಿ. ಎಂಬ ಸಹಿಯ ಮೇಲೆ ನಿಂತಿತ್ತು. ನಲವತ್ತು ವರ್ಷ ಮಕ್ಕಳ ಅಕ್ಷರ ತಿದ್ದಿದವರು. ಎಷ್ಟು ವರ್ಷವಿತ್ತು ಅವಳಿಗೆ ಎಂದು ಕೇಳಿದರು. ಎಂಟು ಎಂದಳು.

ಮೇಷ್ಟ್ರು ಕಾರ್ಡನ್ನು ಮುಟ್ಟದೆ, ಚರ್ಮದ ಚೀಲದಿಂದ ಪುಸ್ತಕದ ಕರಡು ತೆಗೆದು ಕೊನೆಯ ಕೋಷ್ಟಕ ಬಿಚ್ಚಿದರು. ಅಡಿಕೋಲು ಕೊಡಿ ಎಂದು ಕೈ ಚಾಚಿದರು. ಸ್ವೀಡನ್ನಿನ ಸೊನ್ನೆಯ ಮೇಲೆ ಒಂದು ಗೆರೆ ಎಳೆದು ಎರಡು ಎಂದು ಬರೆದರು. ಹೆಸರು ಅಳಿಯಿತು ಎಂಬ ವಾಕ್ಯದ ಮೇಲೂ ಉದ್ದಕ್ಕೆ ಒಂದು ಗೆರೆ. ತಾರೀಖು ಹಾಕಿದರು. ಆಮೇಲೆ ಶಾಲೆಯ ಹುಡುಗನ ಹಾಗೆ ತಲೆ ಎತ್ತಿ, ಕಾರಣ ಏನೆಂದು ಬರೆಯಲಿ ಎಂದು ಕೇಳಿದರು.

“ಎಣಿಸಲು ಮರೆತಿದ್ದೆವು ಅಂತ ಬರೆಯಿರಿ.”

ಅದನ್ನೇ ಬರೆದು ಸಹಿ ಮಾಡಿದರು. ಸಮಿತಿಯವರು ಕುತ್ತಿಗೆಗೆ ಬರುತ್ತಾರೆ ಎಂದು ಗೊಣಗಿದರು. ಬರಲಿ, ಅವರಿಗೂ ಕೆಳಗೆ ಜಾಗ ಇದೆ ಎಂದಳು ಶಕುಂತಲಾ. ಮೇಷ್ಟ್ರು ನಕ್ಕು, ಪುಟವನ್ನು ಹಿಂದಕ್ಕೆ ತಿರುಗಿಸಿ, ಮೊದಲ ಸಾಲಿನ ಐರ್ಲೆಂಡಿಗೆ ಬಂದರು. ಅಲ್ಲಿ ತಮ್ಮ ಹೆಂಡತಿಯನ್ನು ಸೇರಿಸುವುದರಿಂದ ಶುರುಮಾಡಿದರು. ಅವಳು ಕಾಫಿಗೆ ನೀರಿಟ್ಟು ಬಂದು, ಮೊದಲ ಪೆಟ್ಟಿಗೆಯನ್ನು ಮತ್ತೆ ತೆರೆದಳು. ಒಂದೊಂದೇ ಕಾರ್ಡು ನೋಡಿ, ಬಿಟ್ಟುಹೋದ ಹೆಂಗಸರನ್ನೂ ಮಕ್ಕಳನ್ನೂ ಒಬ್ಬೊಬ್ಬರನ್ನಾಗಿ ಓದಿ ಹೇಳಿದಳು. ಕೋಡುಬಳೆಯ ಡಬ್ಬಿ ಖಾಲಿಯಾಗುವ ಹೊತ್ತಿಗೆ ಒಟ್ಟು ಇನ್ನೂರ ಹನ್ನೊಂದಕ್ಕೆ ಬಂದು ನಿಂತಿತು. ಮೇಷ್ಟ್ರು ಎರಡು ಸಲ ಕೂಡಿ ನೋಡಿದರು, ಅವಳು ಒಂದು ಸಲ ಕೂಡಿ ನೋಡಿದಳು.

ಅವರನ್ನು ರೈಲು ಹತ್ತಿಸಿ ಬಂದು ಚಿನ್ಮಯಿಗೆ ಫೋನ್ ಮಾಡಿದಳು. ನಡೆದದ್ದನ್ನೆಲ್ಲ ಹೇಳಿದಳು, ತಾನು ಕಾರ್ಡು ತಿದ್ದಿದ್ದನ್ನೂ ಹೇಳಿದಳು. ಆ ಕಡೆಯಿಂದ ಟ್ರ್ಯಾಮಿನ ಗಂಟೆ ಕೇಳಿಸಿತು.

“ಅಮ್ಮಾ, ಅದ್ರಲ್ಲಿ ನನ್ ಸೈನ್ ಇತ್ತಲ್ಲ, ಸಿ. ಜಿ. ಅಂತ. ಅದು ಇನ್ನೂ ಇದ್ಯಾ?”

“ಇರದೆ ಎಲ್ಲಿಗ್ ಹೋಗುತ್ತೆ?” ಎಂದಳು ಶಕುಂತಲಾ. “ನಮ್ಮನೇಲಿ ಯಾವ್ದನ್ನೂ ಅಳ್ಸಲ್ಲ.”